ಮರ ಕಡಿದ ಮೇಲೆ ಅಂತರ್ಜಲದ ನಾಡಿ ಹಿಡಿದ ಬಗೆ

ಮರ ಕಡಿದರೆ ಅಂತರ್ಜಲದ ಮಟ್ಟ ಏನಾಗುತ್ತದೆ ಎಂದು ಅಳೆಯಲು ಆರು ಪೈಪು ನೆಟ್ಟರೆ ಏನೂ ಗೊತ್ತಾಗುವುದಿಲ್ಲ ಎಂದವರೇ ಹೆಚ್ಚು. ಉತ್ತರ ಸ್ವೀಡನ್ನಿನ ವಿಂಡೆಲ್ನ್ ಕಡೆಯ ಸ್ಪ್ರೂಸ್ (ಸೂಜಿ ಎಲೆಯ ಮರ) ಕಾಡಿನಲ್ಲಿ ಆರರಲ್ಲೇ ಗೊತ್ತಾಯಿತು. ಕಡಿಯುವ ಇಳಿಜಾರಿಗೆ ಮೂರು, ಕಡಿಯದೆ ಬಿಟ್ಟ ಪಕ್ಕದ ಇಳಿಜಾರಿಗೆ ಮೂರು. ತೊರೆಯಿಂದ 2, 10, 25 ಮೀಟರ್ ದೂರದಲ್ಲಿ. ಕಡಿಯುವ ಮುಂಚೆ ಎರಡು ಬೇಸಿಗೆ ಎರಡೂ ಕಡೆ ಅಳೆದಿರಲೇಬೇಕು. ಇಲ್ಲದಿದ್ದರೆ ಮಟ್ಟ ಏರಿದ್ದು ಕಡಿತಕ್ಕೋ ಆ ವರ್ಷದ ಮಳೆಗೋ ಹೇಳಲು ಬಾರದು.

ಹಿಮನದಿ ಬಿಟ್ಟುಹೋದ ಕಲ್ಲುಮಣ್ಣು ಅದು. ಹಾರೆಗೆ ಬಂಡೆ ಸಿಕ್ಕರೆ ಹಟ ಮಾಡದೆ ಅರ್ಧ ಮೀಟರ್ ಪಕ್ಕಕ್ಕೆ ಸರಿಯಿರಿ. ಪೈಪು, ಜಾಲರಿಗೆ ಎರಡು ಸಾವಿರ ಕ್ರೋನವೂ ಆಗಲಿಲ್ಲ; ದುಡ್ಡೆಲ್ಲ ಹೋದದ್ದು ಒತ್ತಡವನ್ನು ತಾನೇ ಓದಿ ದಾಖಲಿಸುವ ಏಳು ಲಾಗರ್‌ಗಳಿಗೆ, ತಲಾ ನಾಲ್ಕು ಸಾವಿರದ ಹತ್ತಿರ.

ಏಳನೆಯದೇ ಮೊದಲ ಬೇಸಿಗೆಯನ್ನು ಕೆಡಿಸಿತು. ನೀರಿನೊಳಗಿನ ಲಾಗರ್ ಗಾಳಿಯ ಒತ್ತಡವನ್ನೂ ಸೇರಿಸಿ ಓದುತ್ತದೆ. 1 ಹೆಕ್ಟೋಪ್ಯಾಸ್ಕಲ್ ಅಂದರೆ ಸುಮಾರು 1 ಸೆಂ.ಮೀ. ನೀರು. ಅದನ್ನು ಕಳೆಯಲೆಂದು ಗಾಳಿಯ ಲಾಗರನ್ನು ತಗಡಿನ ಪೆಟ್ಟಿಗೆಯಲ್ಲಿ ಕಟ್ಟಿದ್ದೆ. ಬಿಸಿಲಿಗೆ ಪೆಟ್ಟಿಗೆ ಕಾದು ದಿನಕ್ಕೊಂದು ಸುಳ್ಳು ಅಲೆ ಎದ್ದಿತು. ಹುಡುಕುತ್ತಿದ್ದ ನಿಜವಾದ ಅಲೆಯೂ ದಿನಕ್ಕೊಂದೇ: ಜುಲೈಯಲ್ಲಿ ಹಗಲು ಮರಗಳು ನೀರೆಳೆದು ಮಟ್ಟ ಇಳಿಯುತ್ತದೆ, ರಾತ್ರಿ ಇಳಿಜಾರಿನ ಮೇಲಿಂದ ಜಿನುಗಿ ತುಂಬುತ್ತದೆ. ಈಗ ಅದೇ ಲಾಗರನ್ನು ಪೈಪಿನೊಳಗೇ, ನೆಲದ ಕೆಳಗೆ, ನೀರಿಗೆ ತಾಗದಂತೆ ತೂಗಿಬಿಡುತ್ತೇನೆ. ಮುಚ್ಚಳಕ್ಕೊಂದು ತೂತು ಇರಲಿ.

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಣ್ಣು ಪೈಪನ್ನು ಮೇಲೆತ್ತುತ್ತದೆ. ಪ್ರತಿ ಮೇ ತಿಂಗಳು ಬಂಡೆಗೆ ಕೊರೆದ ಬೋಲ್ಟಿನಿಂದ ಲೆವೆಲ್ ಹಿಡಿದು ಪೈಪಿನ ತುದಿ ಎಷ್ಟು ಏರಿದೆ ನೋಡಿ. ಏಳದಂತೆ ಪೈಪಿನ ಹೊರಮೈಗೆ ಏನು ಸುತ್ತುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ತೊರೆಯ ಹರಿವು ಅಳೆಯಲು 90 ಡಿಗ್ರಿಯ ವಿ-ನಾಚ್, ಅಂದರೆ V ಆಕಾರದ ಕಚ್ಚು ಇರುವ ಕಟ್ಟೆ. ಕಚ್ಚಿನಲ್ಲಿ ನೀರು 10 ಸೆಂ.ಮೀ. ನಿಂತರೆ ಸೆಕೆಂಡಿಗೆ 4.4 ಲೀಟರ್, 5ಕ್ಕೆ 0.8 ಕೂಡ ಇಲ್ಲ. ಎಲೆ ಸಿಕ್ಕಿ 5ರ ಬದಲು 6 ಓದಿತೋ, ಹರಿವು ಒಂದೂವರೆ ಪಟ್ಟು ಮೀರಿದಂತೆ ಕಾಣುತ್ತದೆ. ಹಿಮಗಟ್ಟಿದ ತಿಂಗಳುಗಳಲ್ಲಿ ಕಟ್ಟೆಯನ್ನು ನಂಬದೆ ತೊರೆಗೆ ಉಪ್ಪು ಸುರಿದು, ಕೆಳಗೆ ಅದು ಎಷ್ಟು ತೆಳುವಾಯಿತೆಂದು ನೋಡಿ ಹರಿವು ಅಳೆದೆ.

ಕಡಿದ ಮರುಬೇಸಿಗೆ ಆ ಬದಿಯ ಅಲೆ ಪೂರ್ತಿ ಮಲಗಿತು. ಪಕ್ಕದಲ್ಲಿ ಎಂದಿನಂತೆ ಮಿಡಿಯುತ್ತಿತ್ತು. ಮಟ್ಟ ನೆನಪಿನಂತೆ ಒಂದು ಗೇಣು ಏರಿತ್ತು. ಈ ಮಣ್ಣಿನಲ್ಲಿ ಮೇಲ್ಪದರವೇ ನೀರನ್ನು ಬೇಗ ಸಾಗಿಸುವುದು. ಮಟ್ಟ ಅಲ್ಲಿಗೆ ಮುಟ್ಟಿತೆಂದರೆ ಸಣ್ಣ ಮಳೆಗೂ ತೊರೆ ಉಬ್ಬುತ್ತದೆ. ಕಡಿದ ದಿಮ್ಮಿ ಹೊರುವ ಯಂತ್ರದ (ಫಾರ್ವರ್ಡರ್) ಚಕ್ರದ ಜಾಡು ಇಳಿಜಾರಿನಲ್ಲಿ ನೇರ ಇಳಿದಿದ್ದರೆ ಅದೇ ಕಾಲುವೆ.

ನೆಲದ ಹಿಮವನ್ನೂ ಕೊಳವೆಯಲ್ಲಿ ತೆಗೆದು ನಾಲ್ಕಾರು ಸಲ ತೂಗಿ ನೋಡಿದೆ. ಸ್ಪ್ರೂಸ್ ಕೊಂಬೆ ತಡೆದ ಹಿಮ ಅಲ್ಲೇ ಆವಿಯಾಗುತ್ತದೆ. ಮರ ಕಡಿದ ಬಯಲಲ್ಲಿ ಹೆಚ್ಚು ಕೂತು ಬೇಗ ಕರಗಿತು.

ಐದನೇ ಬೇಸಿಗೆ ಬರ್ಚ್ ಸಸಿಗಳು ಎದ್ದಿವೆ. 10 ಮೀಟರಿನ ಪೈಪಿನಲ್ಲಿ ಮಾತ್ರ ಸಣ್ಣ ಅಲೆ ಮರಳಿದೆ.