ಅಶರ್‌ನ ‘ಆನಲ್ಸ್ ಆಫ್ ದ ವರ್ಲ್ಡ್’: ಹಿಂದಿನಿಂದ ಓದಬೇಕಾದ ಪುಸ್ತಕ

ಸೃಷ್ಟಿಯಿಂದ ಹಿಡಿದು ಜಗತ್ತಿನ ಇತಿಹಾಸವನ್ನು ವರ್ಷವಾರು ಹೇಳುವ ಈ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂರಬೇಡಿ. ಸೃಷ್ಟಿಯ ದಿನಾಂಕ ಅಲ್ಲೇ ಇದೆ: ಕ್ರಿ.ಪೂ. 4004, ಅಕ್ಟೋಬರ್ 23ರ ಹಿಂದಿನ ರಾತ್ರಿಯ ಆರಂಭ. ಅದನ್ನು ಕಂಡವರು ಒಂದೋ ನಕ್ಕು ಪುಸ್ತಕ ಮುಚ್ಚುತ್ತಾರೆ, ಇಲ್ಲವೇ ಕೈಮುಗಿದು ಮುಚ್ಚುತ್ತಾರೆ. ಎರಡೂ ಸಲ ಪುಸ್ತಕ ಓದದೆ ಉಳಿಯುತ್ತದೆ. ಇದರ ಬಹುಪಾಲು ಪುಟಗಳಲ್ಲಿ ಇರುವುದು ಆದಾಮನೂ ಅಲ್ಲ, ನೋಹನೂ ಅಲ್ಲ. ಪರ್ಷಿಯದ ಅರಸರು, ಅಲೆಕ್ಸಾಂಡರ್, ಅವನ ಸೇನಾಪತಿಗಳ ಜಗಳ, ರೋಮಿನ ಯುದ್ಧಗಳು ಅಲ್ಲಿ ತುಂಬಿವೆ.

ಜೇಮ್ಸ್ ಅಶರ್ (1581–1656) ಡಬ್ಲಿನ್‌ನಲ್ಲಿ ಹುಟ್ಟಿದವನು, ಐರ್ಲೆಂಡಿನ ಅರ್ಮಾ ಪೀಠದ ಆರ್ಚ್‌ಬಿಷಪ್. ಲ್ಯಾಟಿನ್ ಮೂಲದ ಮೊದಲ ಭಾಗ 1650ರಲ್ಲಿ, ಎರಡನೆಯದು 1654ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಂಗ್ಲಿಷ್ ರೂಪ ಬಂದದ್ದು ಅವನು ಸತ್ತ ಮೇಲೆ, 1658ರಲ್ಲಿ. ಕಥನ ನಿಲ್ಲುವುದು ಕ್ರಿ.ಶ. 70ರ ಆಸುಪಾಸಿನಲ್ಲಿ, ಯೆರೂಸಲೇಮಿನ ದೇವಾಲಯ ನೆಲಕ್ಕುರುಳಿದ ಮೇಲೆ.

1658ರ ಪ್ರತಿಯ ಸ್ಕ್ಯಾನ್ ಓದುವವರಿಗೆ ಮೊದಲ ತೊಡಕು ಅಕ್ಷರದ್ದೇ. ಪದದ ಮೊದಲು ಮತ್ತು ನಡುವೆ ಬರುವ ‘ಎಸ್’ ಅಂದಿನ ಅಚ್ಚಿನಲ್ಲಿ ‘ಎಫ್’ನಂತೆ ಕಾಣುತ್ತದೆ. ಕಂಪ್ಯೂಟರ್ ಓದಿ ಕೊಟ್ಟ ಪಠ್ಯದಲ್ಲಿ ಹೆಸರುಗಳು ಕೆಡುವುದು ಇದರಿಂದಲೇ. ಹಾಗಾಗಿ ಹುಡುಕುವಾಗ ಹೆಸರು ಸಿಗದಿದ್ದರೆ ‘ಎಸ್’ ಜಾಗದಲ್ಲಿ ‘ಎಫ್’ ಹಾಕಿ ಮತ್ತೆ ಹುಡುಕಿ. ಇಷ್ಟು ಕಷ್ಟ ಬೇಡ ಎನ್ನುವವರಿಗೆ 2003ರಲ್ಲಿ ಅಮೆರಿಕದಲ್ಲಿ ಬಂದ ಸರಳ ಇಂಗ್ಲಿಷಿನ ಆವೃತ್ತಿ ಇದೆ. ಅದರಲ್ಲಿ ಪ್ರತಿ ಕಂಡಿಕೆಗೂ ಸಂಖ್ಯೆ ಇರುವುದರಿಂದ ಟಿಪ್ಪಣಿ ಮಾಡಿಕೊಳ್ಳುವುದು ಸುಲಭ. ಕೊನೆಯ ಅನುಬಂಧಗಳು ಮಾತ್ರ ಅಶರ್‌ನ ಪರ ವಾದಿಸುವ ಇಂದಿನವರ ಬರಹ. ಅವನ್ನು ಅವನ ಮಾತೆಂದು ಓದಬೇಡಿ.

ಮೊದಲು ಅಂಚಿನ ಅಂಕಿ

ಪ್ರತಿ ನಮೂದಿನ ಪಕ್ಕದಲ್ಲಿ ಮೂರು ವರ್ಷ ಇರುತ್ತವೆ: ಜಗತ್ತಿನ ವರ್ಷ (ಸೃಷ್ಟಿಯಿಂದ ಎಣಿಸಿದ್ದು), ಜೂಲಿಯನ್ ಅವಧಿಯ ವರ್ಷ, ಕ್ರಿಸ್ತಪೂರ್ವ ವರ್ಷ. ಸಾಲು ಓದುವ ಮೊದಲು ಈ ಮೂರನ್ನು ತಾಳೆ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

ಜೂಲಿಯನ್ ಅವಧಿ ಎಂದರೆ ಜೋಸೆಫ್ ಸ್ಕಾಲಿಜರ್ 1583ರಲ್ಲಿ ಮುಂದಿಟ್ಟ 7980 ವರ್ಷಗಳ ಚಕ್ರ. 28 ವರ್ಷದ ಸೌರ ಚಕ್ರ, 19 ವರ್ಷದ ಚಾಂದ್ರ ಚಕ್ರ, 15 ವರ್ಷದ ರೋಮನ್ ತೆರಿಗೆ ಚಕ್ರ, ಈ ಮೂರರ ಗುಣಲಬ್ಧ ಅದು. ನಮ್ಮ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವನ್ನೂ ಒಟ್ಟಿಗೆ ಕೆತ್ತಿರುತ್ತಾರಲ್ಲ, ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಇಲ್ಲೂ ಅದೇ ಉಪಾಯ. ಅಶರ್ ಸೃಷ್ಟಿಯನ್ನು ಇಟ್ಟದ್ದು ಈ ಅವಧಿಯ 710ನೇ ವರ್ಷದಲ್ಲಿ. ಅದನ್ನು 28ರಿಂದ ಭಾಗಿಸಿದರೆ ಶೇಷ 10, 19ರಿಂದ 7, 15ರಿಂದ 5. ಈ ಮೂರು ಶೇಷ ಒಟ್ಟಿಗೆ ಬೀಳುವ ವರ್ಷ 7980ರಲ್ಲಿ ಒಂದೇ.

ಲೆಕ್ಕ ಸುಲಭ. ಜೂಲಿಯನ್ ಅವಧಿಯ ವರ್ಷಕ್ಕೆ ಕ್ರಿ.ಪೂ. ವರ್ಷ ಕೂಡಿಸಿದರೆ ಯಾವಾಗಲೂ 4714 ಬರಬೇಕು. 710ಕ್ಕೆ 4004 ಸೇರಿಸಿ, ಸರಿಹೋಗುತ್ತದೆ. ಬರದಿದ್ದರೆ ಎಲ್ಲೋ ಅಚ್ಚಿನ ದೋಷ, ಅಥವಾ ಕಂಪ್ಯೂಟರು 3ನ್ನು 8 ಎಂದು ಓದಿದೆ.

ಜಗತ್ತಿನ ವರ್ಷದ ಲೆಕ್ಕ ಸ್ವಲ್ಪ ಕೊಂಕು. ಅಶರ್‌ನ ವರ್ಷ ಶರತ್ಕಾಲದಲ್ಲಿ ಶುರುವಾಗುತ್ತದೆ, ಜೂಲಿಯನ್ ವರ್ಷ ಜನವರಿಯಲ್ಲಿ. ಆದ್ದರಿಂದ ಅವನ ಒಂದು ವರ್ಷ ನಮ್ಮ ಎರಡು ವರ್ಷಗಳ ಮೇಲೆ ಕಾಲು ಚಾಚಿರುತ್ತದೆ. ಜಗತ್ತಿನ ವರ್ಷದ ಮುಂದಿನ ಎ, ಬಿ, ಸಿ, ಡಿ ಅಕ್ಷರಗಳು ಋತುಗಳು: ಎ ಶರತ್ಕಾಲ, ಬಿ ಚಳಿಗಾಲ, ಸಿ ವಸಂತ, ಡಿ ಬೇಸಿಗೆ. ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗಿನ ಘಟನೆಗೆ ಜಗತ್ತಿನ ವರ್ಷ ಮತ್ತು ಕ್ರಿ.ಪೂ. ವರ್ಷ ಕೂಡಿದರೆ 4005, ಉಳಿದ ತಿಂಗಳಿಗೆ 4004. ಜಲಪ್ರಳಯ 1656ರಲ್ಲಿ, ಡಿಸೆಂಬರಿನಲ್ಲಿ, ಅಂದರೆ ಕ್ರಿ.ಪೂ. 2349, ಮೊತ್ತ 4005. ಇಸ್ರಾಯೇಲ್ಯರು ಐಗುಪ್ತ ಬಿಟ್ಟದ್ದು 2513ರ ವಸಂತದಲ್ಲಿ, ಕ್ರಿ.ಪೂ. 1491, ಮೊತ್ತ 4004. ಈ ಒಂದು ವರ್ಷದ ವ್ಯತ್ಯಾಸ ಗೊತ್ತಿಲ್ಲದವರು ಅಶರ್ ತನ್ನನ್ನೇ ವಿರೋಧಿಸುತ್ತಾನೆ ಎಂದು ದೂರುವುದುಂಟು.

ಇನ್ನೆರಡು ಎಚ್ಚರ. ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆ ಇಲ್ಲ. ಆಕ್ಟಿಯಂ ಕದನ ಕ್ರಿ.ಪೂ. 31ರದು, ದೇವಾಲಯದ ನಾಶ ಕ್ರಿ.ಶ. 70ರದು, ನಡುವಿನ ಅಂತರ 101 ಅಲ್ಲ, 100 ವರ್ಷ. ಎರಡನೆಯದು, ತಾರೀಖುಗಳೆಲ್ಲ ಹಳೆಯ ಜೂಲಿಯನ್ ಕ್ಯಾಲೆಂಡರಿನವು. ಆ ಅಕ್ಟೋಬರ್ 23 ಇಂದಿನ ಕ್ಯಾಲೆಂಡರಿಗೆ ತಿರುಗಿಸಿದರೆ ಸೆಪ್ಟೆಂಬರ್ 21. ಅಶರ್ ಹುಡುಕಿದ್ದು ಶರತ್ಕಾಲದ ವಿಷುವದ ಬಳಿಯ ಭಾನುವಾರವನ್ನು ಎಂಬುದು ಆಗ ತಾನಾಗಿ ತಿಳಿಯುತ್ತದೆ. ‘ಬೆಳಗ್ಗೆ 9 ಗಂಟೆಗೆ ಸೃಷ್ಟಿ’ ಎಂದು ಅವನ ತಲೆಗೆ ಕಟ್ಟುವ ಮಾತು ಅವನದಲ್ಲ. ಬೆಳಗಿನ 9 ಗಂಟೆ ಬಂದದ್ದು ಅವನ ಸಮಕಾಲೀನ ಜಾನ್ ಲೈಟ್‌ಫುಟ್‌ನ ಬರಹದಿಂದ, ಅದೂ ಮನುಷ್ಯನ ಸೃಷ್ಟಿಯ ಬಗ್ಗೆ.

ಗಟ್ಟಿ ನೆಲದಿಂದ ಹಿಂದಕ್ಕೆ

ಓದಲು ಶುರು ಮಾಡಬೇಕಾದ ಜಾಗ ಕ್ರಿ.ಪೂ. 323, ಅಲೆಕ್ಸಾಂಡರನ ಸಾವು. ಇಲ್ಲಿಂದ ಮುಂದಕ್ಕೆ ಅಶರ್‌ನ ವರ್ಷಗಳು ಇಂದಿನ ಇತಿಹಾಸ ಪುಸ್ತಕಗಳ ಜೊತೆ ಹೆಚ್ಚುಕಮ್ಮಿ ಹೊಂದುತ್ತವೆ. ಅವನ ಬರವಣಿಗೆಯ ಗತ್ತು ಹಿಡಿಯಲು ಮೊದಲು ಇಲ್ಲೇ ಹತ್ತಿಪ್ಪತ್ತು ಪುಟ ಓದಿ. ಒಂದೇ ವಾಕ್ಯದಲ್ಲಿ ಡಿಯೊಡೋರಸ್, ಪ್ಲೂಟಾರ್ಕ್, ಜಸ್ಟಿನ್, ಯೆಹೂದಿ ಚರಿತ್ರೆಕಾರ ಜೋಸಿಫಸ್, ಹೀಗೆ ನಾಲ್ವರು ಪ್ರಾಚೀನ ಲೇಖಕರನ್ನೂ ಹೊಲಿದುಬಿಡುತ್ತಾನೆ. ಯಾವ ತುಂಡು ಯಾರದು ಎಂದು ಬಿಡಿಸುವುದೇ ಓದು.

ಅವನು ಆಕರ ಕೊಡುವಾಗ ‘ಎಲ್.’ ಎಂದರೆ ಪುಸ್ತಕ, ‘ಸಿ.’ ಎಂದರೆ ಅಧ್ಯಾಯ. ಜೋಸಿಫಸನ ಅಧ್ಯಾಯ ಸಂಖ್ಯೆಗಳು ವಿಲಿಯಂ ವಿಸ್ಟನ್‌ನ 1737ರ ಇಂಗ್ಲಿಷ್ ಅನುವಾದದಲ್ಲಿ ಬಹುಮಟ್ಟಿಗೆ ಹಾಗೇ ಇವೆ. ಆಧುನಿಕ ಗ್ರೀಕ್ ಆವೃತ್ತಿಗಳು ಬೇರೆ ಕಂಡಿಕೆ ಸಂಖ್ಯೆ ಬಳಸುವುದರಿಂದ ಅಲ್ಲಿ ನೇರವಾಗಿ ಹುಡುಕಿದರೆ ಸಿಗದು. ಅಭ್ಯಾಸಕ್ಕೆ ಅಲೆಕ್ಸಾಂಡರ್ ಯೆರೂಸಲೇಮಿಗೆ ಬಂದು ಮಹಾಯಾಜಕನಿಗೆ ವಂದಿಸಿದ ಪ್ರಸಂಗ ತೆಗೆದುಕೊಳ್ಳಿ: ಜೋಸಿಫಸನ ಪ್ರಾಚೀನ ಚರಿತ್ರೆ, 11ನೇ ಪುಸ್ತಕ, 8ನೇ ಅಧ್ಯಾಯ. ಅಲೆಕ್ಸಾಂಡರನ ದಂಡಯಾತ್ರೆ ಬರೆದ ಅರಿಯನ್‌ನಲ್ಲಿ ಇದರ ಸುದ್ದಿಯೇ ಇಲ್ಲ. ಅಶರ್ ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಮುಂದೆ ಹೋಗುತ್ತಾನೆ. ತೂಗಿ ನೋಡುವ ಕೆಲಸ ನಿಮ್ಮದು.

ಗ್ರೀಕರ ವರ್ಷ ಒಲಿಂಪಿಯಾಡ್‌ನಲ್ಲಿ, ಅಂದರೆ ಒಲಿಂಪಿಕ್ ಕ್ರೀಡೆಗಳ ನಡುವಿನ ನಾಲ್ಕು ವರ್ಷದ ಲೆಕ್ಕದಲ್ಲಿ ಬರುತ್ತದೆ. ಒಲಿಂಪಿಯಾಡ್ ಸಂಖ್ಯೆಯಿಂದ 1 ಕಳೆದು 4ರಿಂದ ಗುಣಿಸಿ, 776ರಿಂದ ಕಳೆಯಿರಿ. ಅದು ಆ ಒಲಿಂಪಿಯಾಡ್‌ನ ಮೊದಲ ವರ್ಷ. 114ನೆಯದರ ಮೊದಲ ವರ್ಷ 324 ಎಂದು ಬರುತ್ತದೆ. ಅಲೆಕ್ಸಾಂಡರ್ ಸತ್ತದ್ದು ಅದೇ ವರ್ಷದಲ್ಲಿ, ಆದರೆ ಕ್ರಿ.ಪೂ. 323ರ ಜೂನ್‌ನಲ್ಲಿ. ಒಲಿಂಪಿಯಾಡ್ ವರ್ಷ ಬೇಸಿಗೆಯಿಂದ ಬೇಸಿಗೆಗೆ ಓಡುತ್ತದೆ, ಹಾಗಾಗಿ ಜನವರಿಯಿಂದ ಜೂನ್‌ವರೆಗಿನ ಘಟನೆಗೆ ಇನ್ನೊಂದು ವರ್ಷ ಕಳೆಯಲೇಬೇಕು. ರೋಮ್ ನಗರದ ವರ್ಷ ಸಿಕ್ಕರೆ 754ರಿಂದ ಕಳೆಯಿರಿ. ಸೀಸರನ ಕೊಲೆ 710ನೇ ವರ್ಷದ್ದು, ಅಂದರೆ ಕ್ರಿ.ಪೂ. 44.

ಇಲ್ಲಿಂದ ಹಿಂದಕ್ಕೆ ನಡೆದರೆ ಇಡೀ ಪುಸ್ತಕದ ಅತಿ ಮುಖ್ಯ ಬೆಸುಗೆ ಸಿಗುತ್ತದೆ: ಕ್ರಿ.ಪೂ. 562, ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸಾವು. ಬಾಬೆಲಿನ ಅರಸರ ಆಳ್ವಿಕೆಯ ಪಟ್ಟಿಯೊಂದನ್ನು ಖಗೋಳಜ್ಞ ಟಾಲೆಮಿ ಉಳಿಸಿಕೊಟ್ಟಿದ್ದಾನೆ, ಗ್ರಹಣಗಳಿಂದ ಅದು ಗಟ್ಟಿಯಾಗಿದೆ. 2 ಅರಸುಗಳು 25:27 ಹೇಳುವಂತೆ ನೆಬೂಕದ್ನೆಚ್ಚರನ ನಂತರ ಎವೀಲ್ಮೆರೋದಕ ಪಟ್ಟಕ್ಕೆ ಬಂದದ್ದು ಯೆಹೂದದ ಅರಸ ಯೆಹೋಯಾಖೀನನ ಸೆರೆಯ 37ನೇ ವರ್ಷದಲ್ಲಿ. ಬೈಬಲಿನ ಲೆಕ್ಕ ಹೊರಗಿನ ಲೆಕ್ಕಕ್ಕೆ ಬೆಸೆದುಕೊಳ್ಳುವುದು ಈ ಒಂದು ವಚನದಲ್ಲಿ. 562ಕ್ಕೆ 37 ಸೇರಿಸಿ ಅಶರ್ 599ಕ್ಕೆ ತಲುಪುತ್ತಾನೆ. ಬಾಬೆಲಿನ ಮಣ್ಣಿನ ಹಲಗೆಗಳನ್ನು ಓದಿದ ಮೇಲೆ ಇಂದು ಆ ಸೆರೆಯನ್ನು 597ಕ್ಕೆ ಇಡುತ್ತಾರೆ. ಆ ಹಲಗೆಗಳ ಕ್ಯೂನಿಫಾರ್ಮ್ ಲಿಪಿ ಓದಲು ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೆ ಇನ್ನೂರು ವರ್ಷ ಮೊದಲೇ ಬರೀ ಪುಸ್ತಕಗಳಿಂದ ಎರಡು ವರ್ಷದ ಅಂತರಕ್ಕೆ ಬಂದವನನ್ನು ನಗಲು ಮನಸ್ಸು ಬಾರದು.

ಕೆಡುವುದು ಎಲ್ಲಿ

562ರಿಂದ ಹಿಂದಕ್ಕೆ ಹೋದಂತೆ ನೆಲ ಮೆತ್ತಗಾಗುತ್ತದೆ. ಸೊಲೊಮೋನನ ನಂತರ ರಾಜ್ಯ ಒಡೆದದ್ದು ಅಶರ್‌ಗೆ ಕ್ರಿ.ಪೂ. 975, ಇಂದಿನವರಿಗೆ ಸುಮಾರು 931. ಇಸ್ರಾಯೇಲಿನ ಅರಸ ಅಹಾಬನ ಸಾವು ಅವನಿಗೆ 897. ಅಸ್ಸೀರಿಯದ ಮೂರನೇ ಶಲ್ಮನೇಸರನ ಶಾಸನದಲ್ಲಿ ಅದೇ ಅಹಾಬ 853ರ ಕರ್ಕರ್ ಯುದ್ಧದಲ್ಲಿ ರಥಗಳೊಂದಿಗೆ ನಿಂತಿದ್ದಾನೆ. ಎರಡು ಕಡೆಯೂ ಸುಮಾರು 44 ವರ್ಷದ ವ್ಯತ್ಯಾಸ.

ಕಾರಣ ಎರಡು. ಅರಸುಗಳ ಪುಸ್ತಕ ಕೊಡುವ ಆಳ್ವಿಕೆ ವರ್ಷಗಳನ್ನು ಸಾಲಾಗಿ ಕೂಡುವಂತಿಲ್ಲ. ಅರಸ ಪಟ್ಟಕ್ಕೆ ಬಂದ ಅರ್ಧ ವರ್ಷವನ್ನು ಕೆಲವರು ‘ಮೊದಲನೆಯದು’ ಎಂದು ಎಣಿಸುತ್ತಿದ್ದರು, ಕೆಲವರು ಮುಂದಿನ ಹೊಸ ವರ್ಷದಿಂದ ಎಣಿಸುತ್ತಿದ್ದರು. ಶಕವರ್ಷದಲ್ಲಿ ‘ಗತ’ವೋ ‘ವರ್ತಮಾನ’ವೋ ಎಂದು ಶಾಸನ ಓದುವವರು ತಲೆ ಕೆಡಿಸಿಕೊಳ್ಳುವ ಜಾಗವೇ ಇದು, ಅರಸ ಬದಲಾದಷ್ಟು ಸಲ ಒಂದೊಂದು ವರ್ಷ ಉಬ್ಬುತ್ತದೆ. ಜೊತೆಗೆ ತಂದೆ ಮಗ ಒಟ್ಟಿಗೆ ಆಳಿದ ವರ್ಷಗಳೂ ಇವೆ. ಇಂಥ ಕೆಲವನ್ನು ಅಶರ್ ಗುರುತಿಸಿದ್ದಾನೆ, ಆದರೆ ಯೆಹೂದ ಮತ್ತು ಇಸ್ರಾಯೇಲಿನ ಪಟ್ಟಿಗಳು ಹೊಂದದ ಕಡೆ ಸಿಂಹಾಸನವನ್ನೇ ಖಾಲಿ ಬಿಟ್ಟಿದ್ದಾನೆ. ಎರಡನೇ ಯಾರೊಬ್ಬಾಮನ ನಂತರ ಸುಮಾರು 11 ವರ್ಷ ಅರಸನೇ ಇರಲಿಲ್ಲ ಎಂದು ಅವನ ಲೆಕ್ಕ. ಬೈಬಲಿನಲ್ಲಿ ಆ ಮಾತಿಲ್ಲ. ಇಂಥ ‘ಅರಸನಿಲ್ಲದ ಕಾಲ’ ಕಂಡಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಅಲ್ಲಿ ಹೊಲಿಗೆ ಬಿಚ್ಚಿದೆ.

ಎರಡನೆಯ ಕಾರಣ, ವರ್ಷಕ್ಕೊಬ್ಬ ಅಧಿಕಾರಿಯ ಹೆಸರಿಟ್ಟು ಬರೆದ ಅಸ್ಸೀರಿಯದ ವರ್ಷಪಟ್ಟಿ ಅವನ ಕಾಲದಲ್ಲಿ ಮಣ್ಣಿನಡಿ ಇತ್ತು. ಆ ಪಟ್ಟಿಯಲ್ಲಿ ದಾಖಲಾದ ಸೂರ್ಯಗ್ರಹಣ ಕ್ರಿ.ಪೂ. 763ರ ಜೂನ್ 15ರದು ಎಂದು ಗಣಿಸಿದ ಮೇಲೆ ಅಸ್ಸೀರಿಯದ ಕಾಲ ಗಟ್ಟಿಯಾಯಿತು. ಅಶರ್ ಅಸ್ಸೀರಿಯಕ್ಕೆ ನೆಚ್ಚಿದ್ದು ಗ್ರೀಕರನ್ನು. ನೀನಸ್, ಸೆಮಿರಾಮಿಸ್ ಬರುವ ಪುಟಗಳನ್ನು ದಂತಕಥೆಯೆಂದೇ ಓದಿ.

ಇನ್ನೂ ಹಿಂದಿನ ಬೆಸುಗೆಗಳು ಬೇಗ ಮುಗಿಯುತ್ತವೆ. ದೇವಾಲಯದ ಅಡಿಪಾಯ ಕ್ರಿ.ಪೂ. 1012, ಅದು ಐಗುಪ್ತ ಬಿಟ್ಟ 480ನೇ ವರ್ಷ ಎಂಬ 1 ಅರಸುಗಳು 6:1ರ ಮಾತಿನಿಂದ 1491. ಅಲ್ಲಿಂದ 430 ವರ್ಷ ಹಿಂದೆ 1921, ಅಬ್ರಾಮ ಹಾರಾನ್ ಬಿಟ್ಟದ್ದು. ವಿಮೋಚನಕಾಂಡ 12:40 ಈ 430ನ್ನು ಐಗುಪ್ತದ ವಾಸವೆಂದು ಹೇಳುವಂತಿದೆ, ಗಲಾತ್ಯದವರಿಗೆ ಬರೆದ ಪತ್ರ (3:17) ವಾಗ್ದಾನದಿಂದ ಎಣಿಸುತ್ತದೆ. ಅಶರ್ ಎರಡನೆಯದನ್ನು ಹಿಡಿದ. ಮೊದಲನೆಯದನ್ನು ಹಿಡಿದರೆ ಸೃಷ್ಟಿಯ ವರ್ಷ ಎರಡು ಶತಮಾನಕ್ಕಿಂತ ಹೆಚ್ಚು ಹಿಂದೆ ಸರಿಯುತ್ತದೆ.

ಕೊನೆಯ ಲೆಕ್ಕಕ್ಕೆ ಕನ್ನಡ ಸತ್ಯವೇದ ಸಾಕು. ಆದಿಕಾಂಡ 5 ತೆರೆದು ತಂದೆಯ ವಯಸ್ಸು ಕೂಡುತ್ತ ಹೋಗಿ: 130, 105, 90, 70, 65, 162, 65, 187, 182, ಪ್ರಳಯಕ್ಕೆ ನೋಹನ 600. ಮೊತ್ತ 1656. ಹೀಬ್ರೂ ಬೈಬಲಿನ ಹಳೆಯ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್‌ನಲ್ಲಿ ಹಲವರ ವಯಸ್ಸಿಗೆ ನೂರು ವರ್ಷ ಹೆಚ್ಚಿಗೆ ಇರುವುದರಿಂದ ಮೊತ್ತ 2200 ದಾಟುತ್ತದೆ. ಅಶರ್ ಹೀಬ್ರೂ ಪಠ್ಯ ಹಿಡಿದಿದ್ದಾನೆ. ನಂತರ 11ನೇ ಅಧ್ಯಾಯ: ಪ್ರಳಯದ ಎರಡು ವರ್ಷಕ್ಕೆ ಅರ್ಪಕ್ಷದ, ಆಮೇಲೆ 35, 30, 34, 30, 32, 30, 29. ಅಬ್ರಾಮನ ತಂದೆ ತೆರಹ ಹುಟ್ಟಿದ್ದು 1878ರಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ. ತೆರಹನಿಗೆ 70 ವರ್ಷವಾದಾಗ ಅಬ್ರಾಮ ಹುಟ್ಟಿದನೆಂದು ವಚನ ಓದಿದರೆ 1948 ಬರುತ್ತದೆ, ಅಶರ್ ಬರೆದದ್ದು 2008. ತೆರಹ 205ನೇ ವಯಸ್ಸಿನಲ್ಲಿ ಸತ್ತ (11:32), ಆಗ ಹೊರಟ ಅಬ್ರಾಮನಿಗೆ 75 (12:4). ತಂದೆ ಸತ್ತ ಮೇಲೇ ಹೊರಟನೆಂದು ಅಪೊಸ್ತಲರ ಕೃತ್ಯಗಳು 7:4 ಹೇಳುತ್ತದೆ. 205ರಲ್ಲಿ 75 ಕಳೆದರೆ 130. 70ನೇ ವಯಸ್ಸಿನಲ್ಲಿ ಹುಟ್ಟಿದ್ದು ಮೂವರಲ್ಲಿ ಹಿರಿಯವನು, ಅಬ್ರಾಮನಲ್ಲ ಎಂಬುದು ಅವನ ವಾದ. ಒಪ್ಪಿ ಅಥವಾ ಬಿಡಿ, 4004ರಲ್ಲಿ 60 ವರ್ಷ ನಿಂತಿರುವುದು ಈ ಒಂದು ಕಳೆಯುವ ಲೆಕ್ಕದ ಮೇಲೆ.

ಹಳೆಯ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಕಾಣುವ ವರ್ಷಗಳನ್ನು ಮಾತ್ರ ಅಶರ್‌ನದೆಂದು ಕಣ್ಣುಮುಚ್ಚಿ ನಕಲು ಮಾಡಬೇಡಿ. 1701ರಲ್ಲಿ ಬಿಷಪ್ ವಿಲಿಯಂ ಲಾಯ್ಡ್‌ನ ಉಸ್ತುವಾರಿಯಲ್ಲಿ ಅಚ್ಚಾದ ಬೈಬಲಿನಿಂದ ಅವು ರೂಢಿಗೆ ಬಂದವು, ಕೆಲವೆಡೆ ತಿದ್ದುಪಡಿಯೂ ಆಗಿದೆ. ವರ್ಷ ಉಲ್ಲೇಖಿಸುವುದಿದ್ದರೆ ಪುಸ್ತಕದ ನಮೂದನ್ನೇ ತೆರೆದು, ಜೂಲಿಯನ್ ಅವಧಿಯ ಅಂಕಿಯ ಜೊತೆ ಕೂಡಿಸಿ, 4714 ಬಂತೆಂದು ನೋಡಿ ಬರೆದುಕೊಳ್ಳಿ.