ಲಾಲ್‌ಬಾಗಿನ ಬಿದಿರಮೆಳೆಯಲ್ಲಿ ಬ್ಲೂ ರಾಬಿನ್: ನನಗೆ ಫಲ ಕೊಟ್ಟ ಕ್ರಮ

ಲಾಲ್‌ಬಾಗಿನಲ್ಲಿ ಇಂಡಿಯನ್ ಬ್ಲೂ ರಾಬಿನ್ ಎಂಬ ವಲಸೆ ಹಕ್ಕಿ ಕಂಡೆ ಅಂದರೆ, ಅದನ್ನೇ ಹೋಲುವ ಟಿಕೆಲ್ಸ್ ಫ್ಲೈಕ್ಯಾಚರ್ ನೋಡಿರಬೇಕು ಎಂದವರೇ ಹೆಚ್ಚು. ಗಂಡುಗಳೆರಡಕ್ಕೂ ನೀಲಿ ಬೆನ್ನು, ಕಿತ್ತಳೆ ಎದೆ. ಆದರೆ ಟಿಕೆಲ್ಸ್ ಕೊಂಬೆಯಲ್ಲಿ ನೆಟ್ಟಗೆ ಕೂರುತ್ತದೆ. ರಾಬಿನ್ ತರಗೆಲೆ ಮೇಲೆ ಕುಪ್ಪಳಿಸಿ ಬಾಲ ಅದುರಿಸುತ್ತದೆ, ಜೊತೆಗೆ ಕಣ್ಣ ಮೇಲೆ ಹುಬ್ಬಿನಂಥ ಬಿಳಿ ಗೆರೆ. ಮೂರನೇ ವರ್ಷ ಹುಬ್ಬು ಸ್ಪಷ್ಟವಾಗಿರುವ ಎರಡು ಚಿತ್ರ ಸಿಕ್ಕಿದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ಮೊದಲೆರಡು ವರ್ಷ ಕೆಟ್ಟದ್ದು ಅಡ್ಡಾಡಿದ್ದರಿಂದ. ಹೆಜ್ಜೆ ಸಪ್ಪಳಕ್ಕೆ ಅದು ಪೊದೆಯೊಳಗೆ ಸರಿದುಬಿಡುತ್ತದೆ. ಈಗ ಬೆನ್ನಿಗೆ ಮರ ಕೊಟ್ಟು, ನೆಲಕ್ಕೆ ಕೂತು, ಕಡಿಮೆಯೆಂದರೂ 40 ನಿಮಿಷ ಕದಲುವುದಿಲ್ಲ. ಮಾಲಿಗಳು ಗುಡಿಸಿದ ಕಡೆ ಕೂತು ಪ್ರಯೋಜನವಿಲ್ಲ. ತರಗೆಲೆ ಕೊಳೆತು ತೇವ ನಿಂತ ಕಡೆಯೇ ಹುಳುಹುಪ್ಪಟೆ, ಅಲ್ಲೇ ಹಕ್ಕಿ. ನನ್ನ ಮೆಳೆ ಯಾವುದೆಂದು ಹೇಳುವುದಿಲ್ಲ. ಸ್ಪೀಕರಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯುವವರ ಕಾಟ ಅದಕ್ಕೆ ಬೇಡ.

ಹಿಮಾಲಯದಲ್ಲಿ ಮರಿಮಾಡಿ ಪಶ್ಚಿಮಘಟ್ಟ, ಶ್ರೀಲಂಕಾ ಕಡೆ ಹೋಗುವ ಹಕ್ಕಿಗೆ ಬೆಂಗಳೂರು ದಾರಿಯ ತಂಗುದಾಣ. ನನಗೆ ಸಿಕ್ಕಿದ್ದೆಲ್ಲ ಅಕ್ಟೋಬರಿನಲ್ಲಿ, ಅದರಲ್ಲೂ ರಾತ್ರಿ ಜಡಿಮಳೆ ಹಿಡಿದ ಮರುದಿನ. ರಾತ್ರಿ ಹಾರುವ ಹಕ್ಕಿಗಳನ್ನು ಮಳೆ ಕೆಳಗಿಳಿಸುತ್ತದೆ. ಆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು; ಎಂಟರ ಮೇಲೆ ಜನ, ನಾಯಿ, ಗದ್ದಲ.

ದುಡ್ಡು ಹೋದದ್ದು ಬೈನಾಕ್ಯುಲರಿಗೆ. ಸುಮಾರು ನಾಲ್ಕು ಸಾವಿರದ 10x25 (ಹತ್ತು ಪಟ್ಟು ಹಿಗ್ಗಿಸುವ, 25 ಮಿ.ಮೀ. ಮುಂಗಾಜಿನದು) ಮೆಳೆಯ ನೆರಳಲ್ಲಿ ಬರೀ ಕತ್ತಲು ತೋರಿಸಿತು: ಕಣ್ಣಿಗೆ ಬರುವ ಬೆಳಕಿನ ವೃತ್ತ ಎರಡೂವರೆ ಮಿ.ಮೀ. ಅಷ್ಟೇ. 8x42ರಲ್ಲಿ ಅದು ಐದಕ್ಕೂ ಮೇಲು. ಹದಿನಾಲ್ಕು ಸಾವಿರದಷ್ಟು ಕೊಟ್ಟೆ. ಎರಡು ಮೀಟರಿಗೂ ಫೋಕಸ್ ಆಗುವುದನ್ನೇ ನೋಡಿ ತಗೊಂಡೆ. ಕ್ಯಾಮೆರಾ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200, ಶಟರ್ 1/125 ಸೆಕೆಂಡ್, ಸದ್ದಿಲ್ಲದ ಮೋಡ್. ಅರ್ಧಕ್ಕರ್ಧ ಚಿತ್ರ ಮಸುಕು. ಕುಪ್ಪಳಿಕೆಯ ನಡುವೆ ಅದು ನಿಂತ ಕ್ಷಣಕ್ಕೆ ಒತ್ತಿದವು ಮಾತ್ರ ಉಳಿದವು. ಫ್ಲ್ಯಾಶ್ ಮುಟ್ಟಬೇಡಿ.

ಪೊದೆಯಡಿ ಫೋನ್ ಇಟ್ಟು ರೆಕಾರ್ಡ್ ಮಾಡಿಯೂ ನೋಡಿದೆ. ಮೂರು ಗಂಟೆಯಲ್ಲಿ ಕಾಗೆ, ಬಸ್ಸು, ನಡುವೆ ನಾಲ್ಕು ಸಲ ‘ಟಕ್ ಟಕ್’. ಆ ಬಗೆಯ ಕೂಗು ಬೇರೆ ಹಕ್ಕಿಗಳಿಗೂ ಉಂಟು, ದಾಖಲೆಗೆ ನಡೆಯದು. ಆದರೆ ಯಾವ ಮೂಲೆಯಲ್ಲಿ ಕೂರಬೇಕೆಂದು ಅದೇ ತೋರಿಸಿಕೊಟ್ಟಿತು. ಹೆಣ್ಣು ಕಂದು, ಹುಬ್ಬಿಲ್ಲ. ಅದನ್ನು ಪಟ್ಟಿಗೆ ಸೇರಿಸುವ ಮುನ್ನ ಉದ್ದನೆಯ ತಿಳಿಗುಲಾಬಿ ಕಾಲು ನೋಡಿಕೊಳ್ಳಿ.