ತಂಗಡಿ ಚಕ್ಕೆಯಲ್ಲಿ ಆಡಿನ ತೊಗಲು ಹದ ಮಾಡುವ ಬಗೆ

ಕಲಬುರಗಿಯಿಂದ ಹುಮನಾಬಾದ್ ಕಡೆಗೋ ಚಿಂಚೋಳಿ ಕಡೆಗೋ ಹೊರಟರೆ ಬೀಳು ನೆಲದಲ್ಲಿ ಹಳದಿ ಹೂ ಬಿಟ್ಟು ನಿಂತ ತಂಗಡಿ ಗಿಡ ಕಾಣುತ್ತದೆ. ಹಳೇ ಮೈಸೂರಿನವರು ಇದನ್ನೇ ಆವರಿಕೆ ಎನ್ನುತ್ತಾರೆ. ಬೀದರಿನ ಗಡಿ ದಾಟಿದರೆ ತೆಲಂಗಾಣದವರು ಬತುಕಮ್ಮ ಹಬ್ಬದಲ್ಲಿ ಪೇರಿಸುವ ಹೂವೂ ಇದೇ. ಒಣಗಿದ ಇದರ ತೊಗಟೆಯಲ್ಲಿ ನೂರಕ್ಕೆ ಸುಮಾರು 18 ಪಾಲು ಟ್ಯಾನಿನ್, ಅಂದರೆ ತೊಗಲನ್ನು ಹದಕ್ಕೆ ತರುವ ಒಗರು, ಇರುತ್ತದೆ. 19ನೇ ಶತಮಾನದಲ್ಲಿ ಮದ್ರಾಸಿನಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ‘ಈಸ್ಟ್ ಇಂಡಿಯಾ’ ಹದದ ತೊಗಲಿಗೆ ಹೆಸರು ತಂದದ್ದು ಈ ಚಕ್ಕೆ. ಒಂದು ಆಡಿನ ತೊಗಲನ್ನು ಅದೇ ದಾರಿಯಲ್ಲಿ ಹದ ಮಾಡಲು ಸುಮಾರು ಒಂದೂವರೆ ತಿಂಗಳು ಬೇಕು. ಕೆಲಸ ಹೆಚ್ಚಿನ ದಿನಗಳಲ್ಲಿ ಅರ್ಧ ಗಂಟೆಯದು, ಆದರೆ ಒಂದು ದಿನವೂ ತಪ್ಪುವಂತಿಲ್ಲ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಹಲಗೆ ವಾದ್ಯಕ್ಕೆ ಬಿಗಿಯುವ ತೊಗಲು ಹದ ಮಾಡಿದ್ದಲ್ಲ, ಕೂದಲು ತೆಗೆದು ಎಳೆದು ಒಣಗಿಸಿದ್ದು. ಅದಕ್ಕೇ ಮಳೆಗಾಲದಲ್ಲಿ ಸಡಿಲವಾಗುತ್ತದೆ, ಬಾರಿಸುವ ಮುಂಚೆ ಬೆಂಕಿಗೆ ಹಿಡಿಯಬೇಕಾಗುತ್ತದೆ. ತೊಗಲುಗೊಂಬೆಯದೂ ಪಶ್ಚಿಮದವರು ಬರೆಯುತ್ತಿದ್ದ ಪಾರ್ಚ್‌ಮೆಂಟಿನದೂ ಇದೇ ಜಾತಿ. ನೆನೆದರೆ ಮತ್ತೆ ಹಸಿ ತೊಗಲೇ, ಬಿಟ್ಟರೆ ಕೊಳೆಯುತ್ತದೆ. ಹದ ಮಾಡುವುದೆಂದರೆ ತೊಗಲಿನ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಗೆ ಟ್ಯಾನಿನ್ ಕಚ್ಚಿಸುವುದು. ಆಮೇಲೆ ನೆನೆದರೂ ಅದು ಹಸಿಯಾಗುವುದಿಲ್ಲ. ಅರ್ಮೇನಿಯಾದ ಅರೇನಿ ಗವಿಯಲ್ಲಿ 2008ರಲ್ಲಿ ಸಿಕ್ಕ ಒಂಟಿ ಕೆರ ಸುಮಾರು 5500 ವರ್ಷ ಹಳೆಯದು. ಒಂದೇ ಆಕಳ ತೊಗಲಿನ ತುಂಡನ್ನು ಕಾಲಿಗೆ ಸುತ್ತಿ ದಾರ ಹಾಕಿ ಕಟ್ಟಿದ್ದಾರೆ.

ತೊಗಲು ಆರಿಸುವುದು, ಉಪ್ಪು

ಮೊದಲ ಸಲಕ್ಕೆ ಆಡಿನದೇ ಒಳ್ಳೆಯದು. ಕುರಿ ತೊಗಲಿನಲ್ಲಿ ಕೊಬ್ಬು ಹೆಚ್ಚು, ಎಳೆ ಸಡಿಲ, ಮೇಲ್ಪದರ ಒಳಪದರದಿಂದ ಬಿಟ್ಟುಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಸತ್ತ, ಮೂಗು ಬಾಯಿಯಿಂದ ಕಪ್ಪು ರಕ್ತ ಬಂದ ಪ್ರಾಣಿಯ ತೊಗಲನ್ನು ಸುಲಿಯಲೇಬೇಡಿ, ಮುಟ್ಟಲೂ ಬೇಡಿ. ಅದು ಆಂಥ್ರಾಕ್ಸ್ ಇರಬಹುದು, ಮನುಷ್ಯರಿಗೂ ತಗಲುತ್ತದೆ. ಪಶುವೈದ್ಯರಿಗೆ ತಿಳಿಸಿ.

ಸುಲಿದ ಎರಡು ಗಂಟೆಯೊಳಗೆ ಉಪ್ಪು ಬೀಳಬೇಕು. ನಮ್ಮ ಮೇ ತಿಂಗಳ ಬಿಸಿಲಿಗೆ ಅದಕ್ಕಿಂತ ತಡವಾದರೆ ಕೂದಲ ಬುಡ ಕೊಳೆಯತೊಡಗುತ್ತದೆ, ಆ ಕಲೆ ಹದವಾದ ಮೇಲೂ ಹೋಗದು. 2 ಕಿಲೋ ಹಸಿ ತೊಗಲಿಗೆ 800 ಗ್ರಾಂ ಕಲ್ಲುಪ್ಪನ್ನು ಪುಡಿ ಮಾಡಿ ಮಾಂಸದ ಬದಿಗೆ ಅಂಚಿನವರೆಗೂ ತಿಕ್ಕಿ. ಬಿಸಿಲಿಗೆ ಹರವಬೇಡಿ. ಒದ್ದೆ ಹಸಿ ತೊಗಲು 60 ಡಿಗ್ರಿ ಮುಟ್ಟಿದರೆ ಎಳೆಗಳು ಕುಗ್ಗಿ ಅಂಟಾಗುತ್ತವೆ. ಕಾದ ಪರಸಿ ಕಲ್ಲಿನ ಮೇಲೆ ಹರವಿದ ತೊಗಲು ಅಷ್ಟಕ್ಕೇ ಹಾಳಾಗಬಹುದು.

ನೆನೆಹಾಕುವುದು, ಸುಣ್ಣ

ಉಪ್ಪು ಹೋಗುವವರೆಗೆ 8 ಲೀಟರ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ಮೂರು ಸಲ ನೀರು ಬದಲಿಸಿ. ಪ್ಲಾಸ್ಟಿಕ್ ಡ್ರಮ್ ಬಳಸಿ. ಕಬ್ಬಿಣದ್ದು ಬೇಡವೇ ಬೇಡ, ಯಾಕೆಂಬುದು ಮುಂದೆ ಬರುತ್ತದೆ.

200 ಗ್ರಾಂ ಅರಳಿಸಿದ ಸುಣ್ಣವನ್ನು 8 ಲೀಟರ್ ನೀರಿಗೆ ಕದಡಿ ತೊಗಲು ಮುಳುಗಿಸಿ. ಸುಡುಸುಣ್ಣ ತಂದು ನೀವೇ ಅರಳಿಸುವುದಾದರೆ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲಿ. ಸುಣ್ಣಕ್ಕೆ ನೀರು ಸುರಿಯಬೇಡಿ, ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸುಣ್ಣ ಹೆಚ್ಚಾದರೆ ತೊಗಲು ಸುಟ್ಟೀತು ಎಂದು ಅನೇಕರು ಅಂಜುತ್ತಾರೆ. ಒಂದು ಲೀಟರ್ ನೀರಿನಲ್ಲಿ ಸುಣ್ಣ ಒಂದೂವರೆ ಗ್ರಾಮಿನಷ್ಟೇ ಕರಗುತ್ತದೆ, ಮಿಕ್ಕಿದ್ದು ತಳದಲ್ಲಿ ಕೂತಿರುತ್ತದೆ. ಕೆಡಿಸುವುದು ಪ್ರಮಾಣವಲ್ಲ, ದಿನ. ಚಳಿಗಾಲದಲ್ಲಿ 8ರಿಂದ 10 ದಿನ, ಬೇಸಿಗೆಯಲ್ಲಿ 5ರಿಂದ 6 ದಿನ ಸಾಕು. ದಿನಕ್ಕೊಮ್ಮೆ ತೊಗಲು ಎತ್ತಿ, ತಳ ಕಲಕಿ, ಮತ್ತೆ ಪೂರ್ತಿ ಮುಳುಗಿಸಿ. ಗಾಳಿಗೆ ಬಿಟ್ಟ ಭಾಗದಲ್ಲಿ ಸುಣ್ಣವು ಸುಣ್ಣಕಲ್ಲಾಗಿ ಕೂತುಬಿಡುತ್ತದೆ, ಅಲ್ಲಿ ಚಕ್ಕೆ ಸಮವಾಗಿ ಹಿಡಿಯದೆ ಒರಟು ಮಚ್ಚೆ ಉಳಿಯುತ್ತದೆ.

ಕುತ್ತಿಗೆಯ ಕೂದಲು ಹೆಬ್ಬೆರಳಿಗೆ ಸಲೀಸಾಗಿ ಜಾರಿದರೆ ಸಮಯವಾಯಿತು. ಕುತ್ತಿಗೆ ಮತ್ತು ಬೆನ್ನುಹುರಿಯ ಗೆರೆ ಕೊನೆಗೆ ಬಿಡುವ ಜಾಗ, ಹೊಟ್ಟೆ ಬೇಗ ಬಿಡುತ್ತದೆ. ಹೊಟ್ಟೆಯನ್ನು ನೋಡಿ ನಿರ್ಧರಿಸಿದರೆ ಬೆನ್ನಿನಲ್ಲಿ ಕರಿ ಚುಕ್ಕೆಗಳು ಉಳಿಯುತ್ತವೆ. ತುಂಬಾ ದಿನ ಬಿಟ್ಟರೆ ತೊಗಲು ಪೊಳ್ಳಾಗಿ, ಹದದ ನಂತರ ಬಟ್ಟೆಯಂತೆ ಜೋತಾಡುತ್ತದೆ.

ನುಣುಪಾದ ದಿಮ್ಮಿಯ ಮೇಲೆ ತೊಗಲು ಹಾಸಿ, ಮೊಂಡು ಅಲಗಿನಿಂದ ಕೂದಲನ್ನು ಮೇಲಿಂದ ಕೆಳಗೆ ತಳ್ಳಿ. ಆಮೇಲೆ ತಿರುಗಿಸಿ ಚೂಪು ಕತ್ತಿಯಿಂದ ಮಾಂಸ, ಕೊಬ್ಬು, ಪೊರೆ ತೆಗೆಯಿರಿ. ಕತ್ತಿ ಮಲಗಿದಂತಿರಬೇಕು, ನಿಂತರೆ ತೂತು. ಈ ಕೈಚಳಕವೇ ಒಂದು ಕಸುಬು. ಡೋಹರರು ಹದ ಮಾಡುವವರು, ಸಮಗಾರರು ಕೆರ ಹೊಲಿಯುವವರು. 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಇಬ್ಬರು ಶರಣರ ಹೆಸರಿನ ಜೊತೆಗೇ ಈ ಎರಡು ಕಸುಬುಗಳು ಬೇರೆಬೇರೆಯಾಗಿ ನಿಂತಿವೆ. ತೊಗಲಿನ ಬಗ್ಗೆ ಈ ನೆಲದಲ್ಲಿ ಏನೇ ಬರೆದರೂ ಆ ಕೈಗಳಿಗೆ ಋಣಿಯಾಗಿಯೇ ಬರೆಯಬೇಕು.

ಸುಣ್ಣ ತೆಗೆಯುವುದು

ಈಗ ಬೋಳು ತೊಗಲನ್ನು ತೂಗಿ. ಮುಂದಿನ ಲೆಕ್ಕವೆಲ್ಲ ಈ ತೂಕದ ಮೇಲೆ. ಇಲ್ಲಿ 1.5 ಕಿಲೋ ಎಂದುಕೊಂಡಿದೆ.

ಎರಡು ಗಂಟೆಯಲ್ಲಿ ನಾಲ್ಕು ನೀರು ಬದಲಿಸಿ ತೊಳೆಯಿರಿ. ಗೊಬ್ಬರದ ಅಂಗಡಿಯ ಅಮೋನಿಯಂ ಸಲ್ಫೇಟ್ 30 ಗ್ರಾಂ, ನೀರು 4 ಲೀಟರ್, ಒಂದು ಗಂಟೆ, ನಡುನಡುವೆ ಆಡಿಸುತ್ತಿರಿ. ಅಮೋನಿಯಾದ ಘಾಟು ಬರುತ್ತದೆ, ಬಯಲಲ್ಲಿ ಮಾಡಿ. ದಪ್ಪ ಕುತ್ತಿಗೆಯ ಅಂಚನ್ನು ಕತ್ತರಿಸಿ ಸುಣ್ಣ ತಾಕಿದರೆ ಗುಲಾಬಿಯಾಗುವ ಫೀನಾಲ್ಫ್ತಲೀನ್ ದ್ರಾವಣದ ಹನಿ ಬಿಡಿ. ನಡುವೆ ಗುಲಾಬಿ ಗೆರೆ ಕಂಡರೆ ಸುಣ್ಣ ಇನ್ನೂ ಇದೆ. ಉಳಿದ ಸುಣ್ಣ ಚಕ್ಕೆಯ ಟ್ಯಾನಿನ್ ಜೊತೆ ಸೇರಿ ತೊಗಲನ್ನು ಕಪ್ಪಾಗಿಸಿ ಬಿರುಸು ಮಾಡುತ್ತದೆ. ಮನೆಯಲ್ಲಿ ಮಾಡಿದ ಹದ ಹಲಗೆಯಂತೆ ಸೆಡೆತುಕೊಳ್ಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು.

ಮೆತ್ತಗಾಗಲು ಇನ್ನೊಂದು ರಾತ್ರಿ ಬೇಕು. ಹಿಂದಿನ ದಿನವೇ 100 ಗ್ರಾಂ ಗೋಧಿ ತೌಡನ್ನು 4 ಲೀಟರ್ ಬೆಚ್ಚನೆ ನೀರಿಗೆ ಹಾಕಿ ಹುಳಿ ಬರಿಸಿಟ್ಟು, ಅದರಲ್ಲಿ ತೊಗಲು ಮುಳುಗಿಸಿ. ನೀರು 35 ಡಿಗ್ರಿ ಇರಲಿ. ಬೇಸಿಗೆಯಲ್ಲಿ ನಮ್ಮ ಕಡೆ ಅದಕ್ಕೆ ಒಲೆ ಬೇಕಿಲ್ಲ. ಬೆಳಿಗ್ಗೆ ಹೆಬ್ಬೆರಳು ಒತ್ತಿದರೆ ಗುರುತು ಹಾಗೇ ಉಳಿಯಬೇಕು, ಉಳಿದರೆ ಕೂಡಲೇ ತೆಗೆಯಿರಿ. ಮಧ್ಯಾಹ್ನದವರೆಗೆ ಬಿಟ್ಟರೆ ಒಳಗೆ ಗಾಳಿಗುಳ್ಳೆ ಎದ್ದು ಸೂಜಿತೂತುಗಳಾಗುತ್ತವೆ. ಮೊರಾಕ್ಕೋದ ಫೆಸ್ ನಗರದಲ್ಲಿ ಇದೇ ಹಂತಕ್ಕೆ ಪಾರಿವಾಳದ ಹಿಕ್ಕೆ ಬಳಸುತ್ತಾರೆ. ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ಬಡವರು ಬೀದಿಯಲ್ಲಿ ನಾಯಿಯ ಹೇಲು ಆಯ್ದು ಹದ ಮಾಡುವವರಿಗೆ ಮಾರುತ್ತಿದ್ದರು. ಕೆಲಸ ಮಾಡುತ್ತಿದ್ದದ್ದು ಅದರಲ್ಲಿನ ಕಿಣ್ವಗಳು. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಆಟೋ ರೋಮ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಅದೇ ಬಗೆಯ ಕಿಣ್ವ ತೆಗೆದು ಮಾರಿದ ಮೇಲೆ ಆ ಹೇಲಿನ ವ್ಯಾಪಾರ ನಿಂತಿತು.

ಚಕ್ಕೆ ನೀರು

1.5 ಕಿಲೋ ಬೋಳು ತೊಗಲಿಗೆ ಒಣಗಿದ ತಂಗಡಿ ಚಕ್ಕೆಯೂ 1.5 ಕಿಲೋ ಬೇಕು. ಗಿಡದ ಸುತ್ತ ಪೂರ್ತಿ ಸುಲಿದರೆ ಗಿಡ ಸಾಯುತ್ತದೆ. ಬೆಳೆದ ರೆಂಬೆ ಕಡಿದು ಅದರ ತೊಗಟೆ ಬಿಡಿಸಿ, ಬುಡ ಮತ್ತೆ ಚಿಗುರುತ್ತದೆ. ನೆರಳಲ್ಲಿ ಒಣಗಿಸಿ, ಬೆರಳ ಉಗುರಿನಷ್ಟು ಚೂರು ಮಾಡಿ. ತಂಗಡಿ ಸಾಲದಿದ್ದರೆ ಕರಿಜಾಲಿ ತೊಗಟೆ ನಡೆಯುತ್ತದೆ, ಬಣ್ಣ ಕಂದು ಹೊಡೆಯುತ್ತದೆ, ತೊಗಲು ಕೊಂಚ ಬಿರುಸಾಗುತ್ತದೆ.

ಮೊದಲ ನೀರು ತೆಳ್ಳಗಿರಲೇಬೇಕು. ಇಡೀ ಕೆಲಸದಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನೇ ಇಟ್ಟುಕೊಳ್ಳಿ. ಗಟ್ಟಿ ಕಷಾಯದಲ್ಲಿ ಒಮ್ಮೆಲೇ ಇಳಿಸಿದರೆ ಮೇಲ್ಮೈ ತಕ್ಷಣ ಬಿಗಿದು ಬಾಗಿಲು ಮುಚ್ಚಿದಂತಾಗುತ್ತದೆ. ಟ್ಯಾನಿನ್ ಒಳಗೆ ಹೋಗುವುದೇ ಇಲ್ಲ, ಮೇಲೆ ಸುಕ್ಕು, ಒಳಗೆ ಹಸಿ. ಆ ಸುಕ್ಕನ್ನು ಆಮೇಲೆ ಯಾವುದರಿಂದಲೂ ಬಿಡಿಸಲಾಗದು.

300 ಗ್ರಾಂ ಚಕ್ಕೆಯನ್ನು 8 ಲೀಟರ್ ಬೆಚ್ಚನೆ ನೀರಿನಲ್ಲಿ ಒಂದು ದಿನ ಇಟ್ಟು ಸೋಸಿ ತೊಗಲು ಬಿಡಿ. ಮೊದಲ ಒಂದು ಗಂಟೆ ಕೈ ಬಿಡದೆ ಆಡಿಸುತ್ತಿರಿ, ಆ ದಿನವೆಲ್ಲ ಗಂಟೆಗೊಮ್ಮೆ. ಮಡಿಕೆ ಬಿದ್ದ ಜಾಗ ಬಿಳಿ ಪಟ್ಟೆಯಾಗಿ ಉಳಿಯುತ್ತದೆ. ಮೂರನೇ ದಿನ 300 ಗ್ರಾಂ, ಆರನೇ ದಿನ 400, ಹತ್ತನೇ ದಿನ ಮಿಕ್ಕ 500 ಗ್ರಾಂ ಚಕ್ಕೆಯನ್ನು ಅದೇ ನೀರಿಗೆ ಸೇರಿಸುತ್ತ ಹೋಗಿ, ದಿನಕ್ಕೆರಡು ಸಲ ತೊಗಲು ತಿರುವಿ.

ಮಳೆನೀರು ಸಿಕ್ಕರೆ ಅದನ್ನೇ ಬಳಸಿ. ನಮ್ಮ ಬೋರಿನ ಗಡಸು ನೀರು ಟ್ಯಾನಿನ್ನನ್ನು ತಿಂದು ಬಣ್ಣ ಮಂಕು ಮಾಡುತ್ತದೆ. ಶಹಾಬಾದ್ ಪರಸಿಯ ತೊಟ್ಟಿಯಲ್ಲಿ ಸುಣ್ಣದ ಕೆಲಸ ಮಾಡಬಹುದು, ಚಕ್ಕೆ ನೀರು ಹಾಕಬೇಡಿ. ಅದು ಸುಣ್ಣಕಲ್ಲು, ಹುಳಿ ನೀರಿಗೆ ಕರಗುತ್ತದೆ. ಕಬ್ಬಿಣ ತಾಕಿದರಂತೂ ನೀಲಿ ಮಿಶ್ರಿತ ಕಪ್ಪು ಕಲೆ ಖಚಿತ. ತುಕ್ಕು ಹಿಡಿದ ಮೊಳೆ, ಬಕೆಟ್ಟಿನ ಹಿಡಿಕೆ, ಬೋರಿನ ಕೆಂಪು ನೀರು, ಎಲ್ಲದರದೂ ಒಂದೇ ಪರಿಣಾಮ.

ಹದಿನೈದನೇ ದಿನ ಕುತ್ತಿಗೆಯಿಂದ ಒಂದು ಎಳೆ ಕತ್ತರಿಸಿ ಅಡ್ಡಗೊಯ್ತ ನೋಡಿ. ನಡುವೆ ಬಿಳಿ ಗೆರೆ ಇದ್ದರೆ ಇನ್ನೂ ಐದು ದಿನ. ಅನುಮಾನವಿದ್ದರೆ ಆ ಎಳೆಯನ್ನು 70 ಡಿಗ್ರಿ ನೀರಿಗೆ ಒಂದು ನಿಮಿಷ ಬಿಡಿ, ಹಸಿ ಇದ್ದರೆ ಮುದುಡುತ್ತದೆ. ಕುದಿಯುವ ನೀರಿನಲ್ಲಿ ಪರೀಕ್ಷಿಸಬೇಡಿ. ಅದು ಕ್ರೋಮ್ ತೊಗಲಿನ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ತೊಗಲಿನ ಪರೀಕ್ಷೆ, ಚೆನ್ನಾಗಿ ಹದವಾದ ಚಕ್ಕೆ ತೊಗಲೂ ಕುದಿಯಲ್ಲಿ ಮುದುಡುತ್ತದೆ. 1884ರಲ್ಲಿ ಅಮೆರಿಕದ ಅಗಸ್ಟಸ್ ಶುಲ್ಟ್ಜ್, 1893ರಲ್ಲಿ ಮಾರ್ಟಿನ್ ಡೆನಿಸ್ ಪಡೆದ ಪೇಟೆಂಟ್‌ಗಳಿಂದ ಕ್ರೋಮ್ ಹದ ಜಗತ್ತಿಗೆಲ್ಲ ಹಬ್ಬಿತು. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಅದರ ಕೊಳೆನೀರು ಶುದ್ಧಿ ಮಾಡದೆ ಬಿಡುವಂತಿಲ್ಲವಾದ್ದರಿಂದ ಮನೆಯಲ್ಲಿ ಮಾಡುವ ಕೆಲಸವಲ್ಲ. ಯುರೋಪಿನ ಓಕ್ ಚಕ್ಕೆಯ ಗುಂಡಿಗಳಲ್ಲಿ ದಪ್ಪ ತೊಗಲು ವರ್ಷಕ್ಕೂ ಹೆಚ್ಚು ಮಲಗಿರುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ದಪ್ಪ ತೊಗಲಿಗೆ ಜಾಣ ಉಪಾಯವಿತ್ತು. ತೊಗಲನ್ನೇ ಚೀಲದಂತೆ ಹೊಲಿದು, ಮರದ ಕಂಬಕ್ಕೆ ತೂಗಿ, ಒಳಗೆ ಚಕ್ಕೆ ಮತ್ತು ಕಷಾಯ ತುಂಬುವುದು. ನೀರಿನ ಭಾರಕ್ಕೆ ಕಷಾಯ ತೊಗಲಿನ ಮೂಲಕವೇ ಜಿನುಗಿ ಇಳಿಯುತ್ತದೆ, ಕೆಳಗೆ ಹಿಡಿದು ಮತ್ತೆ ಮೇಲೆ ಸುರಿಯುತ್ತಾರೆ.

ಅಳಲೆ, ಎಣ್ಣೆ, ಒಣಗಿಸುವುದು

ತಂಗಡಿಯೊಂದರಲ್ಲೇ ಹದವಾದ ತೊಗಲು ಬೆಳಕಿಗೆ ಕೆಂಪಾಗುತ್ತ ಹೋಗುತ್ತದೆ. ಅದಕ್ಕೆ ಅಳಲೆಕಾಯಿ. ಬೀಜ ತೆಗೆದ ಸಿಪ್ಪೆ 200 ಗ್ರಾಂ ಕುಟ್ಟಿ 6 ಲೀಟರ್ ನೀರಿನಲ್ಲಿ ಒಂದು ದಿನ ಇಟ್ಟು, ಮೂರು ದಿನ ತೊಗಲು ಬಿಡಿ. ತೆಗೆದಾಗ ಮೇಲೆ ಮಸುಕು ಹಳದಿ ಪುಡಿ ಕೂತಿದ್ದರೆ ಬೂಷ್ಟು ಎಂದು ಗಾಬರಿಯಾಗಬೇಡಿ, ಅದು ಅಳಲೆಯದೇ, ತೊಳೆದರೆ ಹೋಗುತ್ತದೆ.

ಬೇಗ ಜಾಲಾಡಿ, ನುಣುಪು ಪರಸಿಯ ಮೇಲೆ ಹಾಸಿ, ಹಿತ್ತಾಳೆಯ ಇಲ್ಲವೇ ಮರದ ಮೊಂಡು ಅಂಚಿನಿಂದ ಬೆನ್ನಿಂದ ಹೊರಕ್ಕೆ ನೀರು ಹಿಂಡಿ. ಇನ್ನೂ ಒದ್ದೆ ಇರುವಾಗಲೇ 40 ಗ್ರಾಂ ಹೊಂಗೆ ಎಣ್ಣೆಯನ್ನು ಎರಡೂ ಬದಿಗೆ ಸವರಿ. ನೀರು ಆರಿದ ಜಾಗಕ್ಕೆ ಎಣ್ಣೆ ಇಳಿಯುತ್ತದೆ. ಒಣ ತೊಗಲಿಗೆ ಹಚ್ಚಿದರೆ ಕಲೆ ಕಲೆಯಾಗಿ ನಿಲ್ಲುತ್ತದೆ. ನಮ್ಮ ಮನೆಗಳ ಕುಸುಬಿ ಎಣ್ಣೆ ಇದಕ್ಕೆ ಬೇಡ, ಅದು ಗಾಳಿಗೆ ಒಣಗಿ ಅಂಟಾಗುವ ಎಣ್ಣೆ. ಹಿಂದೆ ಅದನ್ನು ಕಾಯಿಸಿ ಕಪ್ಪಗೆ ಮಾಡಿ ಬಾವಿಯ ಹಗ್ಗಕ್ಕೂ ನೀರಿನ ತೊಗಲು ಚೀಲಕ್ಕೂ ಬಳಿಯುತ್ತಿದ್ದದ್ದು ಆ ಗುಣಕ್ಕಾಗಿಯೇ.

ಹಲಗೆಗೆ ಜಾಲಿಮುಳ್ಳು ಚುಚ್ಚಿ ನೆರಳಲ್ಲಿ ಒಣಗಿಸಿ, ಕಬ್ಬಿಣದ ಮೊಳೆ ಇಲ್ಲೂ ಬೇಡ. ಮುಕ್ಕಾಲು ಒಣಗಿದಾಗ ಬಿಡಿಸಿ, ಮೊಂಡು ಹಲಗೆಯ ಅಂಚಿನ ಮೇಲೆ ಎಲ್ಲ ದಿಕ್ಕಿಗೂ ಎಳೆದಾಡಿ. ಪೂರ್ತಿ ಒಣಗಲು ಬಿಟ್ಟು ಎಳೆದರೆ ಮೇಲ್ಪದರ ಬಿರುಕು ಬಿಡುತ್ತದೆ. ಕಪ್ಪು ಬಣ್ಣ ಬೇಕಿದ್ದರೆ ಅಷ್ಟು ದೂರವಿಟ್ಟ ಕಬ್ಬಿಣ ಈಗ ಕೆಲಸಕ್ಕೆ ಬರುತ್ತದೆ. ತುಕ್ಕು ಕಬ್ಬಿಣ, ಬೆಲ್ಲ, ನೀರನ್ನು ಹದಿನೈದು ದಿನ ಹುಳಿ ಬರಿಸಿ ಸೋಸಿ, ಬಟ್ಟೆಯಿಂದ ತೆಳ್ಳಗೆ ಒರೆಸಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಒಂದೇ ಕೈ ಸಾಕು, ಹೆಚ್ಚಾದರೆ ತೊಗಲು ಒಡೆಯುತ್ತದೆ.

ಹದವಾದ ಆಡಿನ ತೊಗಲು ಚೀಲ, ಪುಸ್ತಕದ ರಟ್ಟು, ಕೆರದ ಮೇಲ್ಪಟ್ಟಿಗೆ ಒಳ್ಳೆಯದು, ಅಟ್ಟೆಗೆ ಸಾಲದು. ಪಟ್ಟಿಗಳನ್ನು ಬೆನ್ನಿನ ಉದ್ದಕ್ಕೆ ಕತ್ತರಿಸಿ, ಹೊಟ್ಟೆಯ ಭಾಗ ಎಳೆದಷ್ಟೂ ಹಿಗ್ಗುತ್ತದೆ. ಸುಣ್ಣದ ನೀರನ್ನು ಚರಂಡಿಗೋ ಹಳ್ಳಕ್ಕೋ ಬಿಡದೆ ಗುಂಡಿಯಲ್ಲಿ ಇಂಗಿಸಿ. ಉಳಿದ ಚಕ್ಕೆ ಕಷಾಯವನ್ನು ಮಾತ್ರ ಚೆಲ್ಲಬೇಡಿ. ಶಕ್ತಿ ಮುಗಿದು ಹುಳಿ ಬಂದ ಆ ತೆಳು ನೀರಿಗಿಂತ ಒಳ್ಳೆಯ ಮೊದಲ ನೀರು ಮುಂದಿನ ತೊಗಲಿಗೆ ಸಿಗುವುದಿಲ್ಲ.